ಭಂಗಾರಕ್ಕೆ ಹೋದ ಮೊರ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಾನು 374 ರೂಪಾಯಿ ಕೊಟ್ಟು ಒಂದು ಶಿಲ್ಪದ ಎರಡು ಕೈಗಳನ್ನೂ ಆ ಕೈಗಳು ಹಿಡಿದಿದ್ದ ಮೊರವನ್ನೂ ಕೊಂಡು ತಂದೆ. ಕಿಲೋಗೆ 34 ರೂಪಾಯಿಯಂತೆ ಹನ್ನೊಂದು ಕಿಲೋ ತೂಗಿತು. ಕೊಂಡದ್ದು ಭಂಗಾರದ ಅಂಗಡಿಯಲ್ಲಿ. ಮೈಸೂರು ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕೇನೋ: ಗುಜರಿಗೆ ನಮ್ಮ ಕಡೆ ಭಂಗಾರ ಎನ್ನುತ್ತೇವೆ. ಬರವಣಿಗೆಯಲ್ಲಿ ಬಂಗಾರಕ್ಕೂ ಭಂಗಾರಕ್ಕೂ ಒಂದು ಮಹಾಪ್ರಾಣದಷ್ಟೇ ಅಂತರ. ಆ ಶಿಲ್ಪ ಅತ್ತಣಿಂದ ಇತ್ತ ದಾಟಿದ ಬಗೆ ನಾಲ್ಕು ಜನರಿಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿಸಲೇಬೇಕಾದರೆ ನನ್ನ ಮನೆಯ ಮಾತು ಕತ್ತರಿಸಿ, ಕಬ್ಬಿಣದ ಮಾತು ಉಳಿಸಿ.

ಆಳಂದ ನಾಕಾದ ಹತ್ತಿರ ನಮ್ಮದೊಂದು ವರ್ಕ್‌ಶಾಪ್ ಇದೆ. ಗೇಟು, ಕಿಟಕಿಯ ಗ್ರಿಲ್, ಮೆಟ್ಟಿಲಿನ ರೇಲಿಂಗ್, ನೀರಿನ ಟ್ಯಾಂಕಿನ ಸ್ಟ್ಯಾಂಡು ಮಾಡುತ್ತೇವೆ. ಯಜಮಾನರು ತೀರಿಕೊಂಡಾಗ ಯಂತ್ರಗಳನ್ನು ಮಾರಿ ತವರಿಗೆ ಹೋಗಬೇಕಿತ್ತು, ಇಲ್ಲವೇ ವೆಲ್ಡಿಂಗ್ ಹೋಲ್ಡರ್ ಹಿಡಿಯಬೇಕಿತ್ತು. ಹಿಡಿದೆ. ಹದಿನೈದು ವರ್ಷವಾಯಿತು. ಹತ್ತಿ ಸೀರೆಯ ಮೇಲೆ ಅವರದೇ ಖಾಕಿ ಅಂಗಿ ತೊಟ್ಟು ಕೆಲಸ ಮಾಡುತ್ತೇನೆ. ನೈಲಾನ್ ಸೀರೆಯಾದರೆ ಕಿಡಿ ಬಿದ್ದಲ್ಲಿ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ ಎಂಬುದನ್ನು ಮೊದಲ ವಾರದಲ್ಲೇ ನನ್ನ ಮೊಣಕಾಲು ಕಲಿಸಿಕೊಟ್ಟಿತು. ಇಂದಿಗೂ ಹೊಸ ಗಿರಾಕಿಗಳು ಬಂದು, ಉರಿಯುವ ರಾಡ್ ಕೈಯಲ್ಲಿ ಹಿಡಿದು ಕುಳಿತ ನನ್ನನ್ನೇ ‘ಮಿಸ್ತ್ರಿ ಎಲ್ಲಿದ್ದಾರೆ?’ ಎಂದು ಕೇಳುತ್ತಾರೆ. ಊಟಕ್ಕೆ ಹೋಗಿದ್ದಾರೆ ಎನ್ನುತ್ತೇನೆ. ಕೆಲವರು ಅರ್ಧ ಗಂಟೆ ಕಾಯ್ದದ್ದೂ ಉಂಟು.

ಏಳು ವರ್ಷದ ಹಿಂದೆ ಜೇವರ್ಗಿ ತಾಲ್ಲೂಕಿನ ಒಬ್ಬ ಹುಡುಗಿ ಅಂಗಡಿಗೆ ಬಂದಳು. ಇಲ್ಲಿಯ ಒಂದು ಚಿತ್ರಕಲಾ ಕಾಲೇಜಿನಲ್ಲಿ ಓದುತ್ತಿದ್ದಳು. ಮಿಸ್ತ್ರಿ ಎಲ್ಲಿ ಎಂದು ಕೇಳಲಿಲ್ಲ. ‘ಅಕ್ಕಾ, ನನಗೆ ವೆಲ್ಡಿಂಗ್ ಕಲಿಸುತ್ತೀರಾ?’ ಎಂದಳು. ಮಣ್ಣಿನಲ್ಲಿ, ಪ್ಲಾಸ್ಟರಿನಲ್ಲಿ ಅವಳ ಕೈ ಕುದುರಿತ್ತು, ಲೋಹದ ಕೆಲಸ ಮಾತ್ರ ಗೊತ್ತಿರಲಿಲ್ಲ. ಮೊದಲ ದಿನ ನಾನು ಎಷ್ಟು ಹೇಳಿದರೂ ಕೇಳದೆ ಬರಿಗಣ್ಣಿನಿಂದ ಬೆಳಕು ನೋಡಿದಳು. ರಾತ್ರಿಯಿಡೀ ಕಣ್ಣಿಗೆ ಮರಳು ಸುರಿದಂತಾಗಿ, ಹಾಸ್ಟೆಲಿನಲ್ಲಿ ಆಲೂಗಡ್ಡೆಯ ಹೋಳು ಕಟ್ಟಿಕೊಂಡು ಮಲಗಿದಳಂತೆ. ಇನ್ನು ಈ ಹುಡುಗಿ ಇತ್ತ ತಲೆ ಹಾಕುವುದಿಲ್ಲ ಎಂದುಕೊಂಡೆ. ಮರುದಿನ ಕೆಂಪು ಕಣ್ಣಿನಲ್ಲೇ ಬಂದಳು. ಕಬ್ಬಿಣದ ಕೆಲಸಕ್ಕೆ ಬರುವವರನ್ನು ನಾನು ಅಳೆಯುವುದು ಎರಡನೆಯ ದಿನದಿಂದ.

ಅವಳು ಮಾಡಬೇಕೆಂದಿದ್ದು ತೊಗರಿ ಹಸನು ಮಾಡುವ ಹೆಂಗಸನ್ನು. ಅವಳ ತಾಯಿಯೇ ಅದಕ್ಕೆ ಮಾದರಿ. ಹೊಸ ಕಬ್ಬಿಣ ಕೊಳ್ಳಲು ದುಡ್ಡಿರಲಿಲ್ಲ, ಇದ್ದಿದ್ದರೂ ಅವಳಿಗೆ ಅದು ಬೇಕಿರಲಿಲ್ಲ. ಊರಿನಿಂದ ತಂದೆಯ ಮುರಿದ ಕೂರಿಗೆಯ ತಾಳುಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಳು, ಅವು ಕಾಲುಗಳಾದವು. ಬಾಗಿದ ಬೆನ್ನಿಗೆ ಟ್ರೇಲರಿನ ಪಾಟಾ, ಎಂದರೆ ಸ್ಪ್ರಿಂಗಿನ ಬಾಗಿದ ಪಟ್ಟಿ. ಪಾಟಾ ಬಹಳ ಗಡಸು ಉಕ್ಕು. ಹಾಗೆಯೇ ಬೆಸೆದರೆ ತಣ್ಣಗಾಗುವಾಗ ಟಣ್ ಎಂದು ಬಿರಿಯುತ್ತದೆ. ಮೊದಲು ಚೆನ್ನಾಗಿ ಕಾಸಬೇಕು, ಬೆಸೆದ ಮೇಲೆ ಬೂದಿಯಲ್ಲಿ ಹುಗಿದು ರಾತ್ರಿಯಿಡೀ ನಿಧಾನವಾಗಿ ಆರಲು ಬಿಡಬೇಕು. ಅಷ್ಟು ತಾಳ್ಮೆ ನನಗೇ ಇರಲಿಲ್ಲ, ಅವಳಿಗೆ ಇತ್ತು. ಸೆರಗಿಗೆ ಡಾಂಬರಿನ ಡಬ್ಬದ ತಗಡು. ಮೊರಕ್ಕೆ ಏನು ಮಾಡುವುದೆಂದು ಎರಡು ವಾರ ಯೋಚಿಸಿ, ಕೊನೆಗೆ ದಾಲ್ ಮಿಲ್ಲಿನಲ್ಲಿ ಸವೆದು ಬಿಸಾಡಿದ ಜರಡಿಯ ತಗಡು ತಂದಳು. ತೊಗರಿ ಕಾಳಿನ ಗಾತ್ರದ ಸಾವಿರಾರು ತೂತುಗಳಿದ್ದ ತಗಡು ಅದು.

ಈ ಮೊರದ ವಿಚಾರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊರಕ್ಕೆ ತೂತಿದ್ದರೆ ಹಸನು ಮಾಡುವುದು ಹೇಗೆ, ಇದನ್ನು ನೋಡಿದ ಯಾವ ರೈತನೂ ನಗುತ್ತಾನೆ ಎಂದು ನಾನೇ ಜಗಳವಾಡಿದ್ದೆ. ಶೆಡ್ಡಿನೊಳಗೆ ನಿಂತಿದ್ದಾಗ ಅದು ತೂತಿನ ತಗಡಾಗಿಯೇ ಕಾಣುತ್ತಿತ್ತು. ಕೆಲಸ ಮುಗಿದ ದಿನ ನಾಲ್ಕು ಜನ ಸೇರಿ ಅಂಗಳಕ್ಕೆ ತಂದೆವು. ಬಿಸಿಲು ಮೊರದ ತೂತುಗಳಲ್ಲಿ ಇಳಿದು ನೆಲದ ಮೇಲೆ ಚುಕ್ಕಿಚುಕ್ಕಿಯಾಗಿ ಬಿತ್ತು. ಮಧ್ಯಾಹ್ನದಲ್ಲಿ ದುಂಡಗಿದ್ದ ಚುಕ್ಕಿಗಳು ಹೊತ್ತು ವಾಲಿದಂತೆ ಉದ್ದವಾಗಿ, ಮೂರು ಗಂಟೆಯ ಹೊತ್ತಿಗೆ ಆ ಕಬ್ಬಿಣದ ಹೆಂಗಸಿನ ಕಾಲಬುಡದಲ್ಲಿ ಕಣದ ತೊಗರಿ ಹರಡಿದಂತೆ ಕಂಡಿತು. ನಮ್ಮ ಹೆಲ್ಪರ್ ಹುಡುಗ ಬಗ್ಗಿ ಮುಟ್ಟಿ ನೋಡಿದ. ನಾನು ಜಗಳ ಬಿಟ್ಟೆ. ಆ ಶಿಲ್ಪಕ್ಕೆ ಅರ್ಧ ಕೂಲಿ ಮಾಡಿದವಳು ಹುಡುಗಿ, ಇನ್ನರ್ಧ ಕಲಬುರಗಿಯ ಬಿಸಿಲು. ಕೋಣೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ಇಟ್ಟರೆ ಅದು ಸತ್ತಂತೆ.

ಕಾಲೇಜಿನ ಪ್ರದರ್ಶನ ಮುಗಿದ ಮೇಲೆ ಒಂದು ಸಂಸ್ಥೆಯವರು ಅದನ್ನು ಕೇಳಿ ಪಡೆದು ತಮ್ಮ ಆವರಣದಲ್ಲಿ ನಿಲ್ಲಿಸಿದರು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಮಾಡಿದವಳ ಹೆಸರಿನ ಫಲಕ ಹಾಕಿಸುತ್ತೇವೆ ಎಂದರು, ಮರೆತರು. ಮಳೆಗಾಲ ಕಳೆದು ತುಕ್ಕು ಬಂತು. ಯಾರೋ ದೊಡ್ಡವರು ಬರುತ್ತಾರೆಂದು ಬೇಲಿಗೆ, ಕುಂಡಕ್ಕೆ ಬಣ್ಣ ಹೊಡೆಯುವಾಗ ಇವಳಿಗೂ ಬೆಳ್ಳಿ ಬಣ್ಣ ಬಳಿದರು. ತೂತುಗಳಲ್ಲಿ ಕಾಲು ಭಾಗ ಬಣ್ಣಕ್ಕೆ ಮುಚ್ಚಿಹೋದವು. ಆಮೇಲೆ ಅಧಿಕಾರಿಗಳು ಬದಲಾದರು. ಹೊಸಬರಿಗೆ ಅದು ಯಾರದೆಂದು ಗೊತ್ತಿಲ್ಲ, ಕೇಳೋಣವೆಂದರೆ ಎಲ್ಲೂ ಬರೆದಿಲ್ಲ. ದಾಸ್ತಾನು ವಹಿಯಲ್ಲಿ ಅದು ಕಬ್ಬಿಣದ ಸಾಮಾನು. ಮುರಿದ ಮಂಚ, ಬೆಂಚು, ಕೂಲರಿನ ಡಬ್ಬಗಳ ಜೊತೆ ನಿರುಪಯುಕ್ತ ವಸ್ತುಗಳ ಹರಾಜಿನಲ್ಲಿ ಹೋಯಿತು. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಕದ್ದಿದ್ದರೆ ಕಳ್ಳನನ್ನು ಬೈಯಬಹುದಿತ್ತು.

ನಾನು ತಿಂಗಳಿಗೊಮ್ಮೆ ಭಂಗಾರದ ಅಂಗಡಿಗೆ ಹೋಗುತ್ತೇನೆ. ಗೇಟಿನ ತಳಕ್ಕೆ ಹಾಕುವ ದಪ್ಪ ಪಟ್ಟಿ ಅಲ್ಲಿ ಅಗ್ಗಕ್ಕೆ ಸಿಗುತ್ತದೆ. ಅಲ್ಲಿನ ಚಾಚಾ ಇಪ್ಪತ್ತು ವರ್ಷದ ಪರಿಚಯ. ಆ ದಿನ ರಾಶಿಯ ಮೇಲೆ ಬೆಳ್ಳಿ ಬಣ್ಣದ ಮೊರ ಬೋರಲು ಬಿದ್ದಿತ್ತು. ಮೊರ ಯಾರ ಬಳಿಯಾದರೂ ಇರಬಹುದು, ಎಡಗೈಯ ಬೆಸುಗೆ ನೋಡಿದೆ. ಅಲ್ಲಿ ಅರ್ಧದಲ್ಲಿ ರಾಡ್ ಮುಗಿದು ಹುಡುಗಿ ಕೈ ನಡುಗಿಸಿದ್ದಳು, ಮುಂದಿನ ಅರ್ಧವನ್ನು ನಾನು ಎಳೆದಿದ್ದೆ. ಅಲ್ಲಿಯವರೆಗೆ ಗಂಟುಗಂಟು, ಅಲ್ಲಿಂದ ಮುಂದೆ ಮೀನಿನ ಹುರುಪೆಯಂತೆ ಒಂದೇ ಸಮ. ಅಕ್ಷರ ಗುರುತಿಸಿದಂತೆ ನಮ್ಮ ಬೆಸುಗೆಯನ್ನು ನಾವು ಗುರುತಿಸುತ್ತೇವೆ. ಉಳಿದ ಮೈ ಎಲ್ಲಿ ಎಂದು ಕೇಳಿದೆ. ‘ಗ್ಯಾಸಿನಲ್ಲಿ ಕತ್ತರಿಸಿ ನಿನ್ನೆಯ ಲಾರಿಗೆ ಹಾಕಿದೆ ತಾಯಿ, ಇದು ತೆಳುವಾದ ತಗಡು ಎಂದು ಬೇರೆ ಇಟ್ಟೆ’ ಎಂದರು ಚಾಚಾ. ಕರಗಿಸುವ ಕಾರ್ಖಾನೆಗೆ ಹೋದ ಲಾರಿ. ಸಂಗತಿ ತಿಳಿದ ಮೇಲೆ ಅವರು ದುಡ್ಡು ಬೇಡವೆಂದರು. ನಾನೇ ತೂಕ ಹಾಕಿಸಿ ಕೊಟ್ಟೆ. ಅವರ ತಪ್ಪೇನಿತ್ತು? ಅವರು ನೋಡಿದ್ದು ತೂಕದ ಚೀಟಿ.

ಆ ರಾತ್ರಿ ಅವಳಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿ ಕಂಪ್ಯೂಟರಿನಲ್ಲಿ ಗೊಂಬೆ ಓಡಿಸುವ ಕೆಲಸದಲ್ಲಿದ್ದಾಳೆ. ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ‘ಹೋಗಲಿ ಬಿಡಿ ಅಕ್ಕಾ, ಪಿಲೂ ಅವರದ್ದೇ ಉಳಿಯಲಿಲ್ಲ’ ಎಂದಳು.

ಪಿಲೂ ಎಂದರೆ ನಮ್ಮ ನೆರೆಹೊರೆಯವರಲ್ಲ. ಹುಡುಗಿ ಕೆಲಸ ಮಾಡುವಾಗ ನನ್ನ ಶೆಡ್ಡಿನ ಗೋಡೆಗೆ ಒಂದಷ್ಟು ಚಿತ್ರ ಅಂಟಿಸಿದ್ದಳು. ಹೋಗುವಾಗ ಒಂದು ಫೈಲನ್ನೂ ಬಿಟ್ಟುಹೋದಳು. ಗ್ರೈಂಡರಿನ ದೂಳು ಹತ್ತಿದ ಆ ಫೈಲು ನನ್ನ ಪಾಠಶಾಲೆ. ಪಿಲೂ ಪೊಚ್ಖಾನಾವಾಲಾ ಮುಂಬೈಯವರು, 1923ರಲ್ಲಿ ಹುಟ್ಟಿದವರು. ಯಾವ ಕಲಾಶಾಲೆಯಲ್ಲೂ ಶಿಲ್ಪ ಕಲಿತವರಲ್ಲ. ಜಾಹೀರಾತಿನ ಕೆಲಸ ಬಿಟ್ಟು ಇದಕ್ಕೆ ಬಂದು, ಗುಜರಿಯ ಕಬ್ಬಿಣವನ್ನು ಬೆಸೆದು ಶಿಲ್ಪ ಮಾಡಿದರು. ಹಾಜಿ ಅಲಿಯ ವೃತ್ತದಲ್ಲಿ ‘ಸ್ಪಾರ್ಕ್’ ಎಂಬ ಅವರ ದೊಡ್ಡ ಶಿಲ್ಪ ನಿಂತಿತ್ತು. ಸ್ಪಾರ್ಕ್ ಎಂದರೆ ಕಿಡಿ. ನನ್ನಂಥವಳಿಗೆ ಇದಕ್ಕಿಂತ ಹತ್ತಿರದ ಹೆಸರು ಬೇರೆ ಇಲ್ಲ. 1986ರಲ್ಲಿ ಅವರು ತೀರಿಕೊಂಡ ಮೇಲೆ, ವೃತ್ತವನ್ನು ಅಂದಗೊಳಿಸುವ ಹೆಸರಿನಲ್ಲಿ ಆ ಶಿಲ್ಪವನ್ನೇ ಕಿತ್ತುಹಾಕಿದರು. ಅಂದ ಮಾಡಲು ಹೊರಟವರಿಗೆ ಅಲ್ಲಿದ್ದ ಒಂದೇ ಅಂದದ ವಸ್ತು ಅಡ್ಡಿಯಾಯಿತು.

ಅದೇ 1923ರಲ್ಲಿ ಹುಟ್ಟಿದ ಇನ್ನೊಬ್ಬರು ಬಂಗಾಳದ ಮೀರಾ ಮುಖರ್ಜಿ. ಜರ್ಮನಿಯ ಮ್ಯೂನಿಕ್ಕಿನಲ್ಲಿ ಕಲಿತು ಬಂದು, ಆಮೇಲೆ ಬಸ್ತರಿನ ಹಳ್ಳಿಯ ಎರಕದವರ ಬಳಿ ಕುಳಿತು ಮತ್ತೊಮ್ಮೆ ಕಲಿತವರು. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಕಾಸಿ ಮೇಣ ಕರಗಿಸಿ, ಆ ಟೊಳ್ಳಿಗೆ ಕಂಚು ಹೊಯ್ಯುವ ಢೋಕ್ರಾ ವಿದ್ಯೆ ಅದು. 1992ರಲ್ಲಿ ಪದ್ಮಶ್ರೀ ಬಂತು, 1998ರಲ್ಲಿ ತೀರಿಕೊಂಡರು. ಕಳಿಂಗ ಯುದ್ಧದ ಅಶೋಕನನ್ನು ಆಳೆತ್ತರ ಮೀರಿ, ತುಂಡುತುಂಡಾಗಿ ಎರಕ ಹೊಯ್ದು ಜೋಡಿಸಿದರು. ಗೆದ್ದ ರಾಜನ ಠೀವಿ ಅವನಲ್ಲಿಲ್ಲ, ಮೈಯ ಮೇಲೆ ಯಾವುದೋ ಭಾರ ಬಿದ್ದವನಂತೆ ನಿಂತಿದ್ದಾನೆ. ದೆಹಲಿಯ ಒಂದು ದೊಡ್ಡ ಹೋಟೆಲಿನ ತೋಟದಲ್ಲಿ, ಬಯಲಿನಲ್ಲೇ ಇದ್ದಾನೆ. ನೋಡಬೇಕೆಂದರೆ ಹೋಟೆಲಿಗೆ ಹೋಗಬೇಕು. ಕಾವಲುಗಾರನಿಗೆ ನಾನು ಏನೆಂದು ಹೇಳಲಿ, ಅಶೋಕನನ್ನು ಭೇಟಿಯಾಗಲು ಬಂದಿದ್ದೇನೆ ಎಂದೇ?

ಅಶೋಕ ಎಂದಾಕ್ಷಣ ನಮ್ಮವರಿಗೆ ಸನ್ನತಿ ನೆನಪಾಗಬೇಕು. ನಮ್ಮ ಜಿಲ್ಲೆಯದೇ ಭೀಮಾ ತೀರದ ಊರು. ಅದರ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಅಗೆದಾಗ ಒಂದು ಕಲ್ಲು ಸಿಕ್ಕಿತು: ರಾಜ, ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಸುಮಾರು ಎರಡು ಸಾವಿರ ವರ್ಷದ ಕಲ್ಲು. ಅಲ್ಲಿ ನಿಂತ ಗಂಡಸು ಯಾರೆಂದು ಈಗ ಯಾರೂ ವಾದ ಮಾಡುವುದಿಲ್ಲ, ಏಕೆಂದರೆ ಕೆತ್ತಿದವನು ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಎರಡು ಪದ ಹೊಡೆದಿಟ್ಟಿದ್ದ. ಅಷ್ಟೇ. ಆ ಎರಡು ಪದ ಇಲ್ಲದಿದ್ದರೆ ಅವನೂ ಯಾವುದೋ ಒಬ್ಬ ರಾಜ. ಚಾಮರ ಬೀಸುವವಳ ಹೆಸರು ಬರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಆದ್ದರಿಂದ ಅವಳು ಇಂದಿಗೂ ಚಾಮರದವಳು. ನಮ್ಮ ಹುಡುಗಿಯ ಶಿಲ್ಪ ಎರಡು ವರ್ಷದಲ್ಲೇ ಕಬ್ಬಿಣದ ಸಾಮಾನಾದದ್ದು ಹೀಗೆಯೇ.

ಈಗ ನನ್ನ ಬೇಡಿಕೆ. ನಮ್ಮ ಸರ್ಕಾರಿ ವಸ್ತುಸಂಗ್ರಹಾಲಯ ಬಹಮನಿ ಕಾಲದ ಗುಮ್ಮಟಗಳಲ್ಲಿ ಇದೆ. ಒಳಗೂ ಹೊರಗೂ ಕಲ್ಲಿನ ಶಿಲ್ಪಗಳಿವೆ, ವೀರಗಲ್ಲುಗಳಿವೆ. ಹೊರಗಿನ ಬಯಲಿನ ಒಂದು ಮೂಲೆಯಲ್ಲಿ, ಹೆಂಗಸರು ಮಾಡಿದ ಲೋಹದ ಶಿಲ್ಪಗಳಿಗೆ ಜಾಗ ಕೊಡಿ. ಬೆಂಗಳೂರಿನಿಂದ, ದೆಹಲಿಯಿಂದ ದುಬಾರಿ ಕೃತಿ ತರಿಸಿ ಎನ್ನುತ್ತಿಲ್ಲ. ಕಲಬುರಗಿ, ಬೀದರ, ಯಾದಗಿರಿಯ ಕಲಾಶಾಲೆಗಳಲ್ಲಿ ಕಲಿತ ಹೆಣ್ಣುಮಕ್ಕಳಿಂದ ವರ್ಷಕ್ಕೆ ಎರಡು ಮಾಡಿಸಿದರೂ ಸಾಕು.

ಹೆಂಗಸರದ್ದೇ ಏಕೆ ಎಂದು ನನ್ನ ಮಗನೇ ಕೇಳಿದ. ನ್ಯಾಯವಾದ ಪ್ರಶ್ನೆ. ಲೋಹದಲ್ಲಿ ಹೆಣ್ಣಿನ ರೂಪಕ್ಕೆ ಎಂದೂ ಕೊರತೆಯಾಗಿಲ್ಲ. ಮೊಹೆಂಜೊದಾರೊದ ಆ ನರ್ತಕಿ, ಗೇಣುದ್ದವೂ ಇಲ್ಲದ ಕಂಚಿನ ಬೊಂಬೆ, ನಾಲ್ಕೂವರೆ ಸಾವಿರ ವರ್ಷದಿಂದ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಗುಡಿಯ ಉತ್ಸವಮೂರ್ತಿಗಳಲ್ಲಿ ದೇವಿಯರು ಎಷ್ಟೋ. ಆದರೆ ಎರಕದ ಮನೆ, ಕುಲುಮೆ, ಸುತ್ತಿಗೆ ಇವೆಲ್ಲ ಗಂಡಸರ ಜಾಗ ಎಂದಾಯಿತು. ಹೆಣ್ಣು ಕೈ ಹಾಕಿದರೂ ಮನೆಯೊಳಗೆ ಹಾಕಿದಳು, ಹೊರಗಿನ ಹೆಸರು ಬೇರೆಯವರದು. ಬೀದರಿಗೆ ಮದುವೆಗೆ ಹೋದಾಗ ಒಂದು ಓಣಿಯಲ್ಲಿ ನೋಡಿದೆ: ಹೊಸ್ತಿಲ ಬಳಿ ಕುಳಿತ ಒಬ್ಬ ಹೆಣ್ಣುಮಗಳು ಬಿದರಿಯ ಹೂಜಿಯನ್ನು ತೊಡೆಯ ಮೇಲಿಟ್ಟು, ಉಳಿಯಿಂದ ಕೆತ್ತಿದ ಗೆರೆಯೊಳಗೆ ಕೂದಲಿನಂಥ ಬೆಳ್ಳಿ ತಂತಿ ಕೂರಿಸಿ ಬಡಿಯುತ್ತಿದ್ದಳು. ಒಲೆಯ ಮೇಲಿನ ಹಾಲಿನ ಕಡೆಗೂ ಒಂದು ಕಣ್ಣು. ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ಹೆಮ್ಮೆಯಾಯಿತು, ಆಗಲೇಬೇಕು. ಹೊಸ್ತಿಲ ಬಳಿ ಕುಳಿತವಳ ಹೂಜಿ ಅಂಗಡಿಯಲ್ಲಿ ಯಾರ ಹೆಸರಿನಲ್ಲಿ ಮಾರಾಟವಾಯಿತು ಎಂದು ಮಾತ್ರ ನನಗೆ ಕುತೂಹಲ.

ಬಿದರಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ದಯವಿಟ್ಟು ಬಿದರಿಯನ್ನು ಬಯಲಿಗೆ ತರಬೇಡಿ. ಅದು ಸತುವಿನ ಜೊತೆ ಸ್ವಲ್ಪ ತಾಮ್ರ ಬೆರೆತ ಲೋಹ, ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಅದರ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಮಳೆಗೆ ನಿಲ್ಲಿಸಿದರೆ ಆ ಕಪ್ಪೂ ಕೆಡುತ್ತದೆ, ಬೆಳ್ಳಿಯೂ ಮಂಕಾಗುತ್ತದೆ. ಅದಕ್ಕಾಗಿ ಫೈಬರಿನಲ್ಲಿ ಆಳೆತ್ತರದ ಬಿದರಿ ಹೂಜಿ ಮಾಡಿಸಿ ನಿಲ್ಲಿಸುವ ಉಪಾಯವೂ ಬೇಡ. ಟೆಂಡರ್ ಕರೆದು ತರಿಸುವ ತಗಡಿನ ನವಿಲು, ಫೈಬರಿನ ಜಿಂಕೆಗಳೇ ನಮಗೆ ಸಾಕಷ್ಟಾಗಿವೆ.

ಬಯಲಿಗೆ ಒಗ್ಗುವುದು ಕಂಚು ಮತ್ತು ಸರಿಯಾಗಿ ನೋಡಿಕೊಂಡ ಕಬ್ಬಿಣ. ಲೋಹ ನಮ್ಮ ಬಿಸಿಲಿಗೆ ನಿಲ್ಲುತ್ತದೆಯೇ ಎಂದು ಅನುಮಾನವಿರುವವರು ನಮ್ಮ ಕೋಟೆಗೇ ಹೋಗಲಿ. ಬುರುಜಿನ ಮೇಲೆ 29 ಅಡಿಯ ಬಾರಾ ಗಜಿ ತೋಪು ಶತಮಾನಗಳಿಂದ ಬಿಸಿಲು ಮಳೆ ಕುಡಿದು ಮಲಗಿದೆ. ಮಕ್ಕಳು ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ಯಾರೂ ಕಿಲೋ ಲೆಕ್ಕದಲ್ಲಿ ಹರಾಜಿಗೆ ಹಾಕಿಲ್ಲ, ಅದು ತೋಪು ಎಂದು ಎಲ್ಲರಿಗೂ ಗೊತ್ತು.

ಕಬ್ಬಿಣದ ತುಕ್ಕು ಸಡಿಲ. ಪದರ ಉದುರಿದಂತೆ ಒಳಗಿನ ಕಬ್ಬಿಣ ಗಾಳಿಗೆ ಬಿದ್ದು ಮತ್ತೆ ತುಕ್ಕು ಹಿಡಿಯುತ್ತದೆ. ಕಾರ್ಟೆನ್ ಎಂಬ ಉಕ್ಕಿನಲ್ಲಿ ತಾಮ್ರ, ಕ್ರೋಮಿಯಂ ಸ್ವಲ್ಪ ಬೆರೆತಿರುವುದರಿಂದ ಮೊದಲ ತುಕ್ಕೇ ಗಟ್ಟಿ ಹೊದಿಕೆಯಾಗಿ ಕೂರುತ್ತದೆ. ನೆನೆದು ಒಣಗುವ ನಮ್ಮ ಹವೆ ಅದಕ್ಕೆ ಹೇಳಿಮಾಡಿಸಿದಂತಿದೆ, ನೀರು ನಿಲ್ಲುವ ಗುಳಿ ಮಾತ್ರ ಇರಬಾರದು. ತಗ್ಗಿದ್ದಲ್ಲೆಲ್ಲ ಒಂದು ತೂತು ಕೊರೆದುಬಿಟ್ಟರೆ ಆಯಿತು. ಕಂಚಿಗೆ ವರ್ಷಕ್ಕೊಮ್ಮೆ ತೊಳೆದು ಮೇಣ ಹಚ್ಚಬೇಕು. ಕಂಚಿನ ಶಿಲ್ಪವನ್ನು ಕಬ್ಬಿಣದ ಬೋಲ್ಟಿನಿಂದ ಬಿಗಿದರೆ ಮಳೆ ನೀರಿನಲ್ಲಿ ಕಬ್ಬಿಣವನ್ನು ಕಂಚು ತಿನ್ನಿಸಿಬಿಡುತ್ತದೆ. ನಡುವೆ ನೈಲಾನ್ ವಾಷರ್ ಇರಲಿ. ನಮ್ಮಲ್ಲಿ ಬೇಸಿಗೆ 44, 45 ಡಿಗ್ರಿಗೆ ಮುಟ್ಟುತ್ತದೆ, ಬಿಸಿಲಿಗೆ ಬಿದ್ದ ಕಬ್ಬಿಣ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹತ್ತು ಮೀಟರ್ ಉದ್ದದ ಪಟ್ಟಿಗೆ ಬೆಳಗಿನ ತಂಪಿನಿಂದ 50 ಡಿಗ್ರಿ ಏರಿದರೆ ಅದು ಆರು ಮಿಲಿಮೀಟರ್ ಹಿಗ್ಗುತ್ತದೆ. ಎರಡೂ ತುದಿ ಬಿಗಿದಿಟ್ಟರೆ ನಡುವಿನ ಬೆಸುಗೆ ಸೀಳುತ್ತದೆ. ಆದ್ದರಿಂದ ಒಂದು ತುದಿಯ ಬೋಲ್ಟಿನ ತೂತು ಉದ್ದವಾಗಿರಲಿ. ಮುಂಗಾರಿಗೆ ಮುಂಚಿನ ಸಿಡಿಲು ನಮ್ಮ ಕಡೆ ಹೇಗೆ ಎಂದು ಹೇಳಬೇಕಾಗಿಲ್ಲ, ಎತ್ತರದ ಶಿಲ್ಪಕ್ಕೆ ಅರ್ಥಿಂಗ್ ಕೊಡಲೇಬೇಕು. ಇನ್ನು, ಹಳೆಯ ಗುಮ್ಮಟದ ಪಕ್ಕ ನೆಲ ಅಗೆಯಲು ಪುರಾತತ್ವದವರು ಒಪ್ಪುವುದಿಲ್ಲ, ಒಪ್ಪಲೂಬಾರದು. ಅಗೆಯದೆ ಅಗಲವಾದ ದಪ್ಪ ತಳಹಲಗೆಯ ಮೇಲೆಯೇ ನಿಲ್ಲಿಸಬಹುದು. ಟ್ಯಾಂಕಿನ ಸ್ಟ್ಯಾಂಡು ಹಾಗೆಯೇ ನಿಲ್ಲುತ್ತದೆ, ಮೇಲೆ ಸಾವಿರ ಲೀಟರ್ ನೀರು ಹೊತ್ತು.

ಹೊರಗಿನ ಊರುಗಳಲ್ಲಿ ಏನು ಮಾಡಿದ್ದಾರೆ ಎಂಬುದೂ ಆ ಫೈಲಿನಲ್ಲಿದೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹೆಂಗಸರ ಕಲೆಗಾಗಿಯೇ ಒಂದು ವಸ್ತುಸಂಗ್ರಹಾಲಯ 1987ರಲ್ಲಿ ತೆರೆಯಿತು. 2010ರಿಂದ ಅವರು ಕಟ್ಟಡದ ಮುಂದಿನ ದೊಡ್ಡ ರಸ್ತೆಯ ವಿಭಜಕದ ಮೇಲೆಯೇ ಹೆಂಗಸರ ಶಿಲ್ಪಗಳನ್ನು ನಿಲ್ಲಿಸತೊಡಗಿದರು. ಉಕ್ಕಿನ ಚೌಕಟ್ಟಿಗೆ ಹಳೆಯ ಟೈರು ಸೀಳಿ ಕಟ್ಟುವ ಚಕಾಯಾ ಬುಕರ್ ಎಂಬುವರ ಕೃತಿಗಳೂ ಅಲ್ಲಿ ನಿಂತಿದ್ದವಂತೆ. ಟಿಕೆಟ್ ಕೊಳ್ಳದವರೂ ಬಸ್ಸಿನ ಕಿಟಕಿಯಿಂದ ನೋಡಿದರು. ಲೂಯಿಸ್ ಬೂರ್ಜ್ವಾ ಎಂಬ ಮುದುಕಿ, ಎಂಬತ್ತು ದಾಟಿದ ಮೇಲೆ 1999ರಲ್ಲಿ, ಒಂಬತ್ತು ಮೀಟರಿಗೂ ಎತ್ತರದ ಜೇಡ ಮಾಡಿದರು. ಹೆಸರು ‘ಮಾಮಾನ್’, ಎಂದರೆ ಅಮ್ಮ. ಅವರ ತಾಯಿ ಹಳೆಯ ನೇಯ್ಗೆಯ ಪರದೆಗಳನ್ನು ರಿಪೇರಿ ಮಾಡುತ್ತಿದ್ದವರು, ಅದಕ್ಕೇ ನೇಯುವ ಜೇಡ. ಸ್ಪೇನಿನ ಬಿಲ್ಬಾವೊದಲ್ಲಿ ನದಿಯ ದಂಡೆಗೆ, ವಸ್ತುಸಂಗ್ರಹಾಲಯದ ಹೊರಗೆ ಅದರದೊಂದು ಕಂಚಿನ ಎರಕ ನಿಂತಿದೆ. ಜನ ಅದರ ಕಾಲುಗಳ ಕೆಳಗೆ ಹಾದುಹೋಗುತ್ತಾರೆ. ನಮ್ಮ ಹುಡುಗಿಯ ಶಿಲ್ಪವೂ ಅಮ್ಮನದೇ ಆಗಿತ್ತಲ್ಲ ಎಂದು ಆ ಚಿತ್ರ ನೋಡಿದಾಗಲೆಲ್ಲ ನೆನಪಾಗುತ್ತದೆ.

ಹೊರದೇಶದಲ್ಲಿ ಎಲ್ಲ ಸುಸೂತ್ರ ಎಂದೂ ತಿಳಿಯಬಾರದು. ಬಾರ್ಬರಾ ಹೆಪ್‌ವರ್ತ್ ಇಂಗ್ಲೆಂಡಿನ ದೊಡ್ಡ ಹೆಸರು. ಲಂಡನ್ನಿನ ಡಲ್ವಿಚ್ ಪಾರ್ಕಿನಲ್ಲಿ ನಾಲ್ಕು ದಶಕ ನಿಂತಿದ್ದ ಅವರ ಕಂಚಿನ ಶಿಲ್ಪವನ್ನು 2011ರ ಡಿಸೆಂಬರಿನಲ್ಲಿ ಕಳ್ಳರು ಬುಡದಲ್ಲೇ ಕತ್ತರಿಸಿ ಹೊತ್ತೊಯ್ದರು. ಗುಜರಿಯ ಬೆಲೆಗಾಗಿ ಕದ್ದಿರಬೇಕೆಂದು ಎಲ್ಲರ ಅನುಮಾನ. ಲಂಡನ್ನಿನಲ್ಲೂ ಭಂಗಾರದ ಅಂಗಡಿ ಇದೆ! ಆದರೆ ಅಲ್ಲಿ ಕಳವು ಎಂದು ದೂರು ದಾಖಲಾಯಿತು, ಪತ್ರಿಕೆಗಳು ಬರೆದವು, ಏನು ಹೋಯಿತು, ಯಾರದು ಹೋಯಿತು ಎಂದು ಊರಿಗೆಲ್ಲ ಗೊತ್ತಾಯಿತು. ನಮ್ಮದು ಹೋದಾಗ ರಸೀದಿ ಹರಿದು ಕೊಟ್ಟರು.

ಹಾಗಾಗಿ ಜಾಗಕ್ಕಿಂತ ಮೊದಲು ನಾನು ಕೇಳುವುದು ಬರವಣಿಗೆಯನ್ನು. ವಹಿಯಲ್ಲಿ ತೂಕದ ಬದಲು ಹೆಸರು ಬರೆಯಿರಿ: ಮಾಡಿದವಳು ಯಾರು, ಯಾವ ಊರು, ಯಾವ ವರ್ಷ, ಏನೇನು ಸೇರಿಸಿ ಮಾಡಿದಳು, ಯಾವ ಬಣ್ಣ ಹಚ್ಚಬಾರದು. ಶಿಲ್ಪದ ಮುಂದೆ ಹಿತ್ತಾಳೆಯ ಫಲಕ ಬೇಡ, ಅದೂ ಭಂಗಾರಕ್ಕೆ ಹೋಗುತ್ತದೆ. ಶಹಾಬಾದಿನ ಕಲ್ಲು ನಮ್ಮ ಮನೆಮನೆಯ ನೆಲದಲ್ಲಿದೆ, ಅದರ ಮೇಲೆ ಕೆತ್ತಿಸಿ ನೆಲಕ್ಕೇ ಕೂರಿಸಿ. ಶರಣಬಸವೇಶ್ವರ ಜಾತ್ರೆಗೆ ಹಳ್ಳಿಹಳ್ಳಿಯಿಂದ ಬರುವ ಹೆಂಗಸರು ವಸ್ತುಸಂಗ್ರಹಾಲಯಕ್ಕೂ ಒಮ್ಮೆ ಹಾಯ್ದು ಹೋಗುವಂತೆ ಆ ದಿನಗಳಲ್ಲಿ ಬಾಗಿಲು ಸಂಜೆಯವರೆಗೆ ತೆರೆದಿಡಿ. ಓದು ಬರದವರಿಗೆ ಓದಿ ಹೇಳುವವರು ಒಬ್ಬರಿರಲಿ. ಎಸ್.ಎಂ. ಪಂಡಿತರ ಚಿತ್ರಗಳನ್ನು ಹೆಮ್ಮೆಯಿಂದ ತೋರಿಸುವ ಊರು ಇದು, ಕಲೆ ಎಂದರೆ ಏನೆಂದು ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಫೈಲಿನ ಕೊನೆಯ ಪುಟದಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಒಂದು ಕೃತಿಯ ಚಿತ್ರವಿದೆ. 2006ರದು. ರಸ್ತೆ ಕೆಲಸದವರ ಡಾಂಬರಿನ ಡಬ್ಬಗಳಿಂದಲೇ ಕಟ್ಟಿದ ಕೋಣೆ. ಒಳಗೆ ಬಗ್ಗಿ ಹೋಗಿ ತಲೆ ಎತ್ತಿದರೆ ಮೇಲಿನ ತಗಡಿನಲ್ಲಿ ಸಣ್ಣ ಸಣ್ಣ ತೂತು, ಹಗಲಿನಲ್ಲೇ ನಕ್ಷತ್ರಗಳು. ಆ ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಜರಡಿ?’ ಎಂದು ಬರೆದುಕೊಂಡಿದ್ದಾಳೆ ನಮ್ಮ ಹುಡುಗಿ. ಎರಡು ವಾರದ ಯೋಚನೆ ಎಲ್ಲಿಂದ ಶುರುವಾಗಿತ್ತು ಎಂದು ನನಗೆ ತಿಳಿದದ್ದು ಹೋದ ವಾರ.

ಬೆಳ್ಳಿ ಬಣ್ಣವನ್ನು ಥಿನ್ನರ್ ಹಾಕಿ ಉಜ್ಜಿ ತೆಗೆಸಿದ್ದೇನೆ. ಮುಚ್ಚಿದ್ದ ತೂತುಗಳನ್ನು ಮೊಳೆಯಿಂದ ಒಂದೊಂದಾಗಿ ಬಿಡಿಸುತ್ತಿದ್ದೇನೆ, ಇನ್ನೂ ಒಂದು ಮೂಲೆ ಉಳಿದಿದೆ. ಯಾರಾದರೂ ಅಧಿಕಾರಿಗಳು ಜಾಗ ಕೊಡುತ್ತೇವೆ ಎಂದರೆ ಅವಳು ರಜೆ ಹಾಕಿ ಬಂದು ಹೊಸ ಮೈ ಮಾಡುತ್ತೇನೆ ಎಂದಿದ್ದಾಳೆ. ಪಾಟಾ, ರಾಡು, ಕರೆಂಟು ನನ್ನದು. ಅಲ್ಲಿಯವರೆಗೆ ಮೊರ ನಮ್ಮ ಅಂಗಡಿಯ ಮುಂದೆ ತೂಗುತ್ತಿದೆ. ನೋಡಬೇಕೆನ್ನುವವರು ಮೂರೂವರೆಯ ಒಳಗೆ ಬರಬೇಕು. ಆಮೇಲೆ ಎದುರಿನ ಕಟ್ಟಡದ ನೆರಳು ಬೀಳುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲಿ ಒಬ್ಬಳು,
ಆಳಂದ ನಾಕಾ, ಕಲಬುರಗಿ